ಶಿಶುಶಿಕ್ಷಣದಿಂದ ಅಪರಾಧ ಇಳಿಯುವುದು ನಿಜವೇ?

ಬಡ ಮನೆಯ ಮಕ್ಕಳಿಗೆ ಮೂರು-ನಾಲ್ಕು ವರ್ಷಕ್ಕೇ ಶಿಕ್ಷಣ ಕೊಟ್ಟರೆ ಮುಂದೆ ಅಪರಾಧ ಕಡಿಮೆಯಾಗುತ್ತದೆಯೇ, ಹೇಗೆ ಎಂದು ಕೇಳಿದ್ದೀರಿ. ಆಗುತ್ತದೆ. ಆದರೆ ಶಿಶುವಿಹಾರ ಎಂಬ ಬೋರ್ಡು ತಗುಲಿಸಿದ ಮಾತ್ರಕ್ಕೆ ಆಗುವುದಿಲ್ಲ.

ಎಲ್ಲರೂ ಹೇಳುವ ಉದಾಹರಣೆ ಅಮೆರಿಕದ ಮಿಷಿಗನ್ ರಾಜ್ಯದ ಪೆರ್ರಿ ಪ್ರಿಸ್ಕೂಲ್, 1962ರಿಂದ 1967. ಬಡ ಕಪ್ಪು ಕುಟುಂಬಗಳ 123 ಮಕ್ಕಳಲ್ಲಿ 58 ಮಂದಿಯನ್ನು ಸೇರಿಸಿಕೊಂಡರು, 65 ಮಂದಿಯನ್ನು ಹೋಲಿಕೆಗೆ ಬಿಟ್ಟರು. 40 ವರ್ಷ ತುಂಬುವಷ್ಟರಲ್ಲಿ ಐದು ಅಥವಾ ಹೆಚ್ಚು ಸಲ ಬಂಧನವಾದವರು ಶಾಲೆಗೆ ಹೋದವರಲ್ಲಿ ಶೇ. 36, ಹೋಗದವರಲ್ಲಿ ಶೇ. 55. ಮಕ್ಕಳ ಸಂಖ್ಯೆ ಚಿಕ್ಕದು, ನಿಜ. ಆದರೆ ಇದಕ್ಕಿಂತ ಎಷ್ಟೋ ದೊಡ್ಡದಾದ ಷಿಕಾಗೋದ ಚೈಲ್ಡ್-ಪೇರೆಂಟ್ ಸೆಂಟರ್‌ಗಳ (ಬಡ ಮಕ್ಕಳಿಗೂ ಅವರ ಹೆತ್ತವರಿಗೂ ಇದ್ದ ಶಿಶುಶಿಕ್ಷಣ ಕೇಂದ್ರಗಳ) ಅಧ್ಯಯನದಲ್ಲೂ 18 ವರ್ಷದೊಳಗೆ ಬಂಧನವಾದವರು ಶೇ. 16.9, ಹೋಲಿಕೆಯ ಗುಂಪಿನಲ್ಲಿ ಶೇ. 25.1.

ತಮಾಷೆಯೆಂದರೆ, ಪೆರ್ರಿ ಮಕ್ಕಳ ಐಕ್ಯೂ ಮೊದಲು ಏರಿ ಕೆಲವೇ ವರ್ಷದಲ್ಲಿ ಮತ್ತೆ ಉಳಿದವರ ಮಟ್ಟಕ್ಕೇ ಬಂತು. ಹಾಗಾದರೆ ಉಳಿದದ್ದೇನು? ನನ್ನ ಪ್ರಕಾರ, ಹೊಡೆಯಲು ಕೈ ಎತ್ತುವ ಮುನ್ನ ಒಂದು ಕ್ಷಣ ತಡೆದುಕೊಳ್ಳುವ ಅಭ್ಯಾಸ. ಅಲ್ಲಿ ಮಗು ಬೆಳಿಗ್ಗೆ ‘ಇವತ್ತು ಸೇತುವೆ ಕಟ್ಟುತ್ತೇನೆ’ ಎಂದು ಮೊದಲೇ ಹೇಳಬೇಕು, ಆಮೇಲೆ ಕಟ್ಟಬೇಕು, ಕೊನೆಗೆ ಏನಾಯಿತೆಂದು ಎಲ್ಲರ ಮುಂದೆ ವಿವರಿಸಬೇಕು. ಯೋಚಿಸು, ಮಾಡು, ಹಿಂತಿರುಗಿ ನೋಡು: ದಿನವೂ ಇದೇ. ಐದಾರು ಮಕ್ಕಳಿಗೆ ಒಬ್ಬ ಟೀಚರ್, ದಿನಕ್ಕೆ ಎರಡೂವರೆ ಗಂಟೆ. ಜೊತೆಗೆ ವಾರಕ್ಕೊಮ್ಮೆ ಟೀಚರೇ ಮನೆಗೆ ಹೋಗಿ ತಾಯಿ, ಮಗುವಿನ ಜೊತೆ ಸುಮಾರು ಒಂದೂವರೆ ಗಂಟೆ ಕೂರುತ್ತಿದ್ದರು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ.

ಕೆಟ್ಟದ್ದೂ ಆಗಿದೆ. ಅಮೆರಿಕದ ಟೆನೆಸಿ ರಾಜ್ಯದ ಸರ್ಕಾರಿ ಪ್ರಿ-ಕೆಗೆ (ಶಾಲೆಗೆ ಮುಂಚಿನ ತರಗತಿಗೆ) ಲಾಟರಿಯಲ್ಲಿ ಆಯ್ಕೆಯಾಗಿ ಹೋದ ಬಡ ಮಕ್ಕಳು ಆರನೇ ತರಗತಿಗೆ ಬರುವಾಗ, ಆಯ್ಕೆಯಾಗದವರಿಗಿಂತ ಅಂಕದಲ್ಲೂ ಹಿಂದೆ, ಶಿಸ್ತು ಉಲ್ಲಂಘನೆಯಲ್ಲಿ ಮುಂದೆ ಇದ್ದರು. ಕೆನಡಾದ ಕ್ವಿಬೆಕ್ 1997ರಲ್ಲಿ ದಿನಕ್ಕೆ 5 ಡಾಲರಿನ ಶಿಶುಪಾಲನೆಯನ್ನು ಬಡವ-ಶ್ರೀಮಂತ ಎನ್ನದೆ ಎಲ್ಲರಿಗೂ ತೆರೆಯಿತು. ಆ ಮಕ್ಕಳು ದೊಡ್ಡವರಾದಾಗ ಅಪರಾಧ ಏರಿದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ. ಉತ್ತರ ಕ್ಯಾರೊಲಿನಾದ ಅಬೆಸಿಡೇರಿಯನ್ ಯೋಜನೆ ಹಸುಗೂಸಿನಿಂದಲೇ ದಿನವಿಡೀ ಆರೈಕೆ ಕೊಟ್ಟಿತು, ಓದಿನಲ್ಲಿ ಒಳ್ಳೆಯ ಫಲ ಬಂತು, ಬಂಧನಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಮರ್ಥಕರು ಇದನ್ನು ಹೇಳುವುದು ಕಡಿಮೆ.

ಹಾಗಾಗಿ ಯಾರಾದರೂ ಇಂಥ ಯೋಜನೆ ತೋರಿಸಿದರೆ ನಾನು ಕೇಳುವುದು ಮೂರೇ: ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಅದೇ ಟೀಚರ್ ವರ್ಷಪೂರ್ತಿ ಇರುತ್ತಾರೆಯೇ? ಮನೆಭೇಟಿ ಇದೆಯೇ? ವರ್ಷದ ಕೊನೆಗೆ ಅಕ್ಷರ ಪರೀಕ್ಷೆ ಇಟ್ಟು ಫಲ ಅಳೆಯುತ್ತೇವೆ ಎಂದರೆ ಒಪ್ಪಬೇಡಿ. ಜಗಳ ಎಷ್ಟು ಸಲ, ಮಗು ಸರದಿ ಕಾಯುತ್ತದೆಯೇ ಎಂಬುದನ್ನು ಬರೆದಿಡಿ. ಬಂಧನದ ಲೆಕ್ಕ ಸಿಗಲು ಹೇಗೂ ಹತ್ತು-ಹದಿನೈದು ವರ್ಷ ಬೇಕು.