ಓದುಗರ ಪ್ರಶ್ನೆ: ಹಳೆಯ ಕಾರನ್ನು ಗುಜರಿಗೆ ಕೊಡುವ ಮುನ್ನ

ಪ್ರಶ್ನೆ: ನಮ್ಮ ತಂದೆಯವರು 2003ರಲ್ಲಿ ಕೊಂಡಿದ್ದ ಮಾರುತಿ 800 ಕಾರು, ಅವರು ತೀರಿಕೊಂಡ ಮೇಲೆ ಹಿತ್ತಲಿನಲ್ಲಿ ನಿಂತುಬಿಟ್ಟಿದೆ. ನೋಂದಣಿಯ ಅವಧಿ ಮುಗಿದಿದೆ, ಎಂಜಿನ್ ಚಾಲೂ ಆಗುವುದಿಲ್ಲ. ಗುಜರಿಯವರೊಬ್ಬರು ಬಂದು ನೋಡಿ, ನಗದು ಕೊಟ್ಟು ಅಂದೇ ಎತ್ತಿಕೊಂಡು ಹೋಗುವುದಾಗಿಯೂ, ಆರ್‌ಸಿ ಕೊಟ್ಟರೆ ಉಳಿದದ್ದನ್ನು ತಾವೇ ನೋಡಿಕೊಳ್ಳುವುದಾಗಿಯೂ ಹೇಳಿದ್ದಾರೆ. ಕೊಡಬಹುದೇ?
— ಓದುಗರೊಬ್ಬರು, ಹಾಸನ

ಉತ್ತರ: ಕಾರನ್ನು ಗುಜರಿಗೆ ಕೊಡಬಹುದು, ಆದರೆ ಅವರು ಹೇಳುವ ರೀತಿಯಲ್ಲಿ ಕೊಡಬೇಡಿ. ಗಾಡಿ ಹಿತ್ತಲಿನಿಂದ ಹೋದ ಮಾತ್ರಕ್ಕೆ ಸಾರಿಗೆ ಇಲಾಖೆಯ ದಾಖಲೆಯಿಂದ ಹೋಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ, ವಾಹನ ನಾಶವಾದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು 14 ದಿನಗಳೊಳಗೆ ಆರ್‌ಟಿಒ ಕಚೇರಿಗೆ ತಿಳಿಸಿ ಆರ್‌ಸಿಯನ್ನು ಅಲ್ಲಿಗೇ ಒಪ್ಪಿಸಬೇಕು. ಅದು ಗುಜರಿಯವರ ಕಿಸೆ ಸೇರಬೇಕಾದ ಕಾಗದವಲ್ಲ. ಕೈಯಿಂದ ಕೈಗೆ ಹಲವು ಸಲ ಮಾರಾಟವಾಗಿದ್ದ ಕಾರೊಂದರ ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಬೇಕು ಎಂದು ತೀರ್ಪಿತ್ತಿದೆ. ನಿಮ್ಮ ಕಾರು ಓಡುವ ಸ್ಥಿತಿಯಲ್ಲಿಲ್ಲ, ನಿಜ. ಆದರೆ ಗುಜರಿ ಸೇರಿದ ಗಾಡಿಯ ಆರ್‌ಸಿಯನ್ನೂ ಚಾಸಿ ನಂಬರನ್ನೂ ಅದೇ ಮಾದರಿಯ ಕದ್ದ ಗಾಡಿಗೆ ಹೊಂದಿಸಿ ಮಾರುವ ದಂಧೆ ಪೊಲೀಸರಿಗೆ ಹೊಸದಲ್ಲ. ಹಾಗಾದಾಗ ಮೊದಲ ನೋಟಿಸು ಬರುವುದು ನಿಮ್ಮ ಮನೆಯ ವಿಳಾಸಕ್ಕೆ.

ಸರಿಯಾದ ದಾರಿಯೆಂದರೆ, ಕೇಂದ್ರ ಸರ್ಕಾರದ 2021ರ ನಿಯಮಗಳಡಿ ಪರವಾನಗಿ ಪಡೆದಿರುವ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕಾರನ್ನು ಒಪ್ಪಿಸುವುದು. ಇಂಥ ಕೇಂದ್ರಗಳ ವಿವರ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಸಿಗುತ್ತದೆ. ಕಾರು ಕಳವಿನ ಪಟ್ಟಿಯಲ್ಲಿದೆಯೇ, ಅದರ ಮೇಲೆ ಸಾಲ ಅಥವಾ ಬಾಕಿ ಉಳಿದಿದೆಯೇ ಎಂಬುದನ್ನು ಅವರು ಮೊದಲು ಪರಿಶೀಲಿಸುತ್ತಾರೆ. ಆದ್ದರಿಂದ ಹಳೆಯ ದಂಡವಿದ್ದರೆ ಕಟ್ಟಿಬಿಡಿ, ಸಾಲದ ನಮೂದಿದ್ದರೆ ಬ್ಯಾಂಕಿನಿಂದ ಎನ್‌ಒಸಿಯನ್ನೂ (ಆಕ್ಷೇಪವಿಲ್ಲವೆಂಬ ಪತ್ರ) ನಮೂದು ತೆಗೆಸುವ ಅರ್ಜಿಯಾದ ಫಾರಂ 35ನ್ನೂ ತಂದು ತೆಗೆಸಿ. ಕಾರು ತಂದೆಯವರ ಹೆಸರಿನಲ್ಲಿರುವುದರಿಂದ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಿ. ಒಡಹುಟ್ಟಿದವರ ಸಹಿ ಮೊದಲೇ ಆಗಿಬಿಡಲಿ; ಹತ್ತಾರು ಸಾವಿರದ ಗುಜರಿ ಹಣಕ್ಕೂ ಮನೆಗಳಲ್ಲಿ ಮಾತು ಬೆಳೆಯುವುದುಂಟು. ಗಾಡಿ ಹೋಗುವ ಮುನ್ನ ಬಾನೆಟ್ ಎತ್ತಿ, ಎಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ ಕೊರೆದಿರುವ ಚಾಸಿ ನಂಬರಿನ ಧೂಳೊರೆಸಿ ಫೋಟೊ ತೆಗೆಯಿರಿ. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಒಂದು ಪ್ರಿಂಟ್ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಆ ಸಂಖ್ಯೆ ಆರ್‌ಸಿಯಲ್ಲಿರುವುದರೊಂದಿಗೆ ಅಕ್ಷರಶಃ ತಾಳೆಯಾಗಬೇಕು.

ಬೆಲೆಯ ವಿಷಯದಲ್ಲಿ ಹೆಚ್ಚಿನ ಆಸೆ ಬೇಡ. ಮಾರುತಿ 800ರ ತೂಕ ಸುಮಾರು 650 ಕಿಲೊ. ಅದರಲ್ಲಿ ಗಾಜು, ಸೀಟು, ಟೈರು, ಪ್ಲಾಸ್ಟಿಕ್ಕುಗಳನ್ನು ಕಳೆದು ಉಳಿಯುವ ಕಬ್ಬಿಣಕ್ಕೆ ಆ ದಿನದ ದರ ಸಿಗುತ್ತದೆ. ಬ್ಯಾಟರಿಯ ಸೀಸಕ್ಕೂ, ಹೊಗೆ ಕೊಳವೆಯಲ್ಲಿದ್ದು ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೂ ಬೇರೆಯೇ ಬೆಲೆಯಿದೆ. ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂನಂಥ ಲೋಹಗಳಿರುವುದರಿಂದ, ಗುಜರಿಯವರು ಮೊದಲು ಬಗ್ಗಿ ನೋಡುವುದು ಕಾರಿನ ಅಡಿಯನ್ನೇ. ಸಾಗಿಸುವ ಖರ್ಚು ಯಾರದೆಂದು ಮೊದಲೇ ಮಾತಾಡಿಕೊಳ್ಳಿ, ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ. ಪರವಾನಗಿಯಿಲ್ಲದವರು ನಾಲ್ಕು ಕಾಸು ಹೆಚ್ಚು ಕೊಡುತ್ತೇವೆಂದರೂ ಒಪ್ಪಬೇಡಿ.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ 15 ವರ್ಷ ತುಂಬಿದೆ, ಚೆನ್ನಾಗಿಯೇ ಓಡುತ್ತಿದೆ. ಕಡ್ಡಾಯವಾಗಿ ಗುಜರಿಗೆ ಹಾಕಬೇಕೆಂದು ಪರಿಚಿತರು ಹೆದರಿಸುತ್ತಿದ್ದಾರೆ.
— ಓದುಗರೊಬ್ಬರು, ಮೈಸೂರು

ಉತ್ತರ: ಹಾಕಬೇಕಿಲ್ಲ. ಡೀಸೆಲ್‌ಗೆ 10, ಪೆಟ್ರೋಲಿಗೆ 15 ವರ್ಷವೆಂಬ ಗಡಿ ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕಾಗಿ ಹಸಿರು ನ್ಯಾಯಮಂಡಳಿ ಹಾಕಿದ್ದು, ಕರ್ನಾಟಕಕ್ಕೆ ಅದು ಅನ್ವಯಿಸುವುದಿಲ್ಲ. 15 ವರ್ಷ ಮೀರಿದರೆ ನೋಂದಣಿ ನವೀಕರಿಸದಿರುವ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದು ಸರ್ಕಾರಿ ವಾಹನಗಳಿಗೆ. ನಿಮ್ಮ ಕಾರು ತಪಾಸಣೆಯಲ್ಲಿ ಪಾಸಾದರೆ ಐದು ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ. ಮೊದಲು 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಯಾಗಿದೆ. ಜೊತೆಗೆ ರಾಜ್ಯದ ಹಸಿರು ತೆರಿಗೆಯಿದೆ. ಟಿಂಕರಿಂಗ್, ಟೈರು, ಬ್ರೇಕುಗಳ ಖರ್ಚು ಕಾರಿನ ಮಾರುಕಟ್ಟೆ ಬೆಲೆಯನ್ನು ಮೀರುವಂತಿದ್ದರೆ ಮಾತ್ರ ಗುಜರಿಯ ಯೋಚನೆ ಮಾಡಿ.

ಪ್ರಶ್ನೆ: ಹಳೆಯದನ್ನು ಗುಜರಿಗೆ ಕೊಟ್ಟು ಹೊಸ ಕಾರು ಕೊಳ್ಳುವವರಿಗೆ ರಿಯಾಯಿತಿ ಉಂಟೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಉಂಟು. ನೋಂದಾಯಿತ ಕೇಂದ್ರ ಕೊಡುವ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ (ಹಳೆಯ ಕಾರನ್ನು ಒಪ್ಪಿಸಿದ್ದಕ್ಕೆ ಪ್ರಮಾಣಪತ್ರ) ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಮನ್ನಾ ಆಗುತ್ತದೆ. ಖಾಸಗಿ ವಾಹನದ ತೆರಿಗೆಯಲ್ಲಿ ಶೇ 25ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮದಲ್ಲಿ ಅವಕಾಶವಿದ್ದು, ಪ್ರಮಾಣವನ್ನು ನಿರ್ಧರಿಸುವುದು ರಾಜ್ಯ ಸರ್ಕಾರ. ಬುಕಿಂಗ್‌ಗೆ ಮುನ್ನ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ, ಶೋರೂಮಿನವರ ಬಾಯಿಮಾತನ್ನು ನೆಚ್ಚಬೇಡಿ. ಹಳೆಯ ಕಾರಿನ ವಿಮೆಯಲ್ಲಿ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗಾಗಿ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ) ಇದ್ದರೆ ಅದು ಕಾರಿನದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಅದರ ಪತ್ರ ಪಡೆದು ಹೊಸ ಪಾಲಿಸಿಗೆ ವರ್ಗಾಯಿಸಿಕೊಳ್ಳಿ. ಗಾಜಿನ ಮೇಲಿನ ಫಾಸ್ಟ್ಯಾಗ್ ಕಿತ್ತು, ಅದರ ಖಾತೆಯನ್ನೂ ಮುಚ್ಚಿಸಿ.