ಹಕ್ಕಿಗಳು ಹೆಚ್ಚಿದ್ದು ನಡುಗಡ್ಡೆಯಿಂದಲೋ, ನೀರಿನಿಂದಲೋ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ನನಗೆ ಬರುವ ಪತ್ರಗಳ ಬಹುಪಾಲು ಒಂದೇ ಧಾಟಿಯವು: ನಾವು ಇಂಥದ್ದು ಮಾಡಿದೆವು, ಹಕ್ಕಿಗಳು ಬಂದವು, ಉಳಿದವರಿಗೂ ತಿಳಿಸಿ. ಇದನ್ನು ಓದಿ ಓದಿ ಬೇಸತ್ತಿರುವುದರಿಂದ ಅಂಥ ಒಂದು ಪತ್ರಕ್ಕೇ ಈ ಸಲದ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: 2019ರ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳೆತ್ತಿಸಿ, ಆ ಮಣ್ಣಿನಿಂದಲೇ ಎರಡು ನಡುಗಡ್ಡೆ ಕಟ್ಟಿ, ಜಾಲಿ ಸಸಿ ನೆಟ್ಟೆವು. ಈಗ ನೀರುಕಾಗೆ, ಹೆಜ್ಜಾರ್ಲೆಗಳು ಬಹಳ ಹೆಚ್ಚಿವೆ. ಎಲ್ಲ ಪಂಚಾಯಿತಿಗಳಿಗೂ ಈ ಮಾದರಿಯನ್ನು ಶಿಫಾರಸು ಮಾಡಬಹುದೇ? (ಕೋಲಾರ ತಾಲ್ಲೂಕಿನ ಕೆರೆ ಸಮಿತಿಯವರು)

ಉತ್ತರ: ಸದ್ಯಕ್ಕೆ ಮಾಡಬಾರದು. ನಿಮ್ಮ ಶ್ರಮದ ಬಗ್ಗೆ ನನಗೆ ಅನುಮಾನವಿಲ್ಲ, ತೀರ್ಮಾನದ ಬಗ್ಗೆ ಇದೆ. ಹೂಳೆತ್ತಲು ಸಾಧ್ಯವಾದದ್ದೇ ಕೆರೆ ಒಣಗಿದ್ದರಿಂದ. ಒಣಗಿದ ಕೆರೆಯಲ್ಲಿ ಕಂಡ ಹಕ್ಕಿಗಳ ಲೆಕ್ಕವನ್ನು ‘ಮೊದಲಿನ ಸ್ಥಿತಿ’ ಎಂದು ಬರೆದಿಟ್ಟುಕೊಂಡರೆ, ಮುಂದೆ ನೀವು ಏನೇ ಮಾಡಿ, ಏನೂ ಮಾಡದೆ ಸುಮ್ಮನಿರಿ, ಲೆಕ್ಕ ಏರಲೇಬೇಕು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಿಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. 2021ರ ನವೆಂಬರ್ ಮಳೆಗೆ ಬತ್ತಿದ್ದ ಕೆರೆಗಳೂ ಕೋಡಿ ಬಿದ್ದವು. ನೀರು ನಿಂತಲ್ಲಿ ಮೀನು, ಮೀನು ಇದ್ದಲ್ಲಿ ನೀರುಕಾಗೆ. ನಡುಗಡ್ಡೆಯೇ ಇಲ್ಲದ ಪಕ್ಕದೂರಿನ ಕೆರೆಯಲ್ಲೂ ಅದೇ ಅವಧಿಯಲ್ಲಿ ಹಕ್ಕಿಗಳು ಅಷ್ಟೇ ಹೆಚ್ಚಿದ್ದರೆ, ನೀವು ಹೊತ್ತು ಹಾಕಿದ ಮಣ್ಣಿಗೂ ಆ ಹಕ್ಕಿಗಳಿಗೂ ಸಂಬಂಧವಿಲ್ಲ. ಆ ಕೆರೆಯನ್ನು ಎಣಿಸಿದ್ದೀರಾ? ಎರಡು ಪುಟದ ಪತ್ರದಲ್ಲಿ ಆ ಮಾತೇ ಇಲ್ಲ.

ನೀವು ಹೆಸರಿಸಿದ ಹಕ್ಕಿಗಳನ್ನೇ ನೋಡಿ. ನೀರುಕಾಗೆ, ಹೆಜ್ಜಾರ್ಲೆ ಎರಡೂ ತುಂಬಿದ ನೀರಿನಲ್ಲಿ ಈಜುತ್ತಾ ಮೀನು ಹಿಡಿಯುವಂಥವು. ಬಣ್ಣದ ಕೊಕ್ಕರೆಯಾದರೋ ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅರೆ ತೆರೆದು ಇಳಿಬಿಟ್ಟು ನಡೆಯುತ್ತಾ, ಮೀನು ತಾಕಿದೊಡನೆ ಹಿಡಿಯುತ್ತದೆ. ಗದ್ದೆಗೊರವಗಳಿಗೆ ಕೆಸರಿನ ಅಂಚು ಬೇಕು. ಜೆಸಿಬಿ ಯಂತ್ರದಿಂದ ದಡವನ್ನು ಗೋಡೆಯಂತೆ ಕಡಿದರೆ, ಅದರ ಮೇಲೆ ವರ್ಷವಿಡೀ ನೀರು ತುಂಬಿಸಿದರೆ, ಈ ಅಂಚು ಇಲ್ಲವಾಗುತ್ತದೆ. ಆಗ ಒಟ್ಟು ಸಂಖ್ಯೆ ಏರಿದ್ದರೂ ಕೆಲವು ಜಾತಿಗಳು ಸದ್ದಿಲ್ಲದೆ ಹೊರಟುಹೋಗಿರಬಹುದು. ‘ಹಕ್ಕಿಗಳು ಹೆಚ್ಚಿವೆ’ ಎಂಬ ವಾಕ್ಯ ನನಗೆ ಏನನ್ನೂ ಹೇಳುವುದಿಲ್ಲ. ಜಾತಿವಾರು ಲೆಕ್ಕ ಕಳುಹಿಸಿ.

ಇನ್ನೊಂದು, ಬಂದು ಕೂತ ಹಕ್ಕಿ ಬೇರೆ, ಮರಿ ಮಾಡಿದ ಹಕ್ಕಿ ಬೇರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟಿ, ಮೇವಿಗೆ ಸುತ್ತಲಿನ ಕೆರೆಗಳಿಗೆ ಹೋಗಿಬರುತ್ತವೆ. ಅವು ಕೇಳಿದ್ದು ಹಳೆಯ ಮರ, ತೊಂದರೆ ಕೊಡದ ಜನ ಮತ್ತು ಹಾರುವ ದೂರದಲ್ಲಿ ಮೀನಿರುವ ನೀರು. ನಿಮ್ಮಲ್ಲಿ ಕೊರತೆಯಿರುವುದು ಗೂಡಿನ ಜಾಗವೋ, ಮೇವಿನ ಜಾಗವೋ, ಅಥವಾ ಮೀನು ಹರಾಜು ಹಿಡಿದವರು ಪಟಾಕಿ ಹಚ್ಚಿ ಓಡಿಸುವುದೇ ತೊಂದರೆಯೋ ಎಂಬುದನ್ನು ತಿಳಿಯದೆ ನಡುಗಡ್ಡೆ ಕಟ್ಟುವುದು ರೋಗ ನೋಡದೆ ಮದ್ದು ಕೊಟ್ಟಂತೆ.

ಬೇರೆಡೆಯ ಅನುಭವವೂ ನಿಮ್ಮ ಪರವಾಗಿ ನೇರವಾಗಿ ಸಾಕ್ಷಿ ಹೇಳುವುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿಲಿಯಂ ಸದರ್ಲೆಂಡ್ ಅವರ ಬಳಗವು ಪಕ್ಷಿ ಸಂರಕ್ಷಣೆಯ ನೂರಾರು ಕ್ರಮಗಳ ಕುರಿತು ಜಗತ್ತಿನಾದ್ಯಂತ ನಡೆದ ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿತು. ಕೃತಕ ನಡುಗಡ್ಡೆ ಮತ್ತು ತೆಪ್ಪಗಳ ಬಗ್ಗೆ ನಡೆದಿರುವ ಕೆಲಸದಲ್ಲಿ ಹೆಚ್ಚಿನದು ಯುರೋಪು ಮತ್ತು ಉತ್ತರ ಅಮೆರಿಕದ್ದು, ಅದರಲ್ಲೂ ನೀರಿನ ಮೇಲೆ ಹಾರಾಡುತ್ತಾ ಮೀನು ಹಿಡಿಯುವ ರೀವಗಳಂಥ ಹಕ್ಕಿಗಳದ್ದು. ಅವುಗಳಿಗೆ ಬೇಕಾದದ್ದು ಬೋಳು ನೆಲ. ನಮ್ಮ ಹೊಳೆ ರೀವ, ಟಿಟ್ಟಿಭಗಳೂ ಬರಿನೆಲದಲ್ಲೇ ಮೊಟ್ಟೆಯಿಡುವುದರಿಂದ ಜಾಲಿ ಬೆಳೆದ ನಿಮ್ಮ ನಡುಗಡ್ಡೆ ಅವಕ್ಕೆ ನಿರುಪಯೋಗಿ. ಹಾಗೆಂದು ನಿಮ್ಮ ಕೆಲಸ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಬೆಳ್ಳಕ್ಕಿ, ನೀರುಕಾಗೆಗಳು ಮುಂದೆ ಆ ಜಾಲಿಯಲ್ಲಿ ಗೂಡು ಕಟ್ಟಲೂಬಹುದು. ಪರೀಕ್ಷೆ ಆಗಿಲ್ಲ, ಅಷ್ಟೆ.

ಪರೀಕ್ಷಿಸುವ ಮನಸ್ಸಿದ್ದರೆ ಹೀಗೆ ಮಾಡಿ. ವಿಸ್ತೀರ್ಣದಲ್ಲೂ ನೀರಿನ ಮೂಲದಲ್ಲೂ ಒಂದನ್ನೊಂದು ಹೋಲುವ ಕೆಲವು ಕೆರೆಗಳನ್ನು ಆರಿಸಿ, ಕೆಲಸ ಶುರುವಾಗುವ ಮುಂಚೆಯೇ ಎಲ್ಲವನ್ನೂ ಎಣಿಸಿ, ಅನಂತರ ಅರ್ಧದಷ್ಟರಲ್ಲಿ ಮಾತ್ರ ನಡುಗಡ್ಡೆ ಕಟ್ಟಿ. ಯಾವುದರಲ್ಲಿ ಕಟ್ಟಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ, ಅಧ್ಯಕ್ಷರ ಊರೆಂಬ ಕಾರಣಕ್ಕಲ್ಲ. ಜನವರಿಯಲ್ಲಿ ನಡೆಯುವ ಏಷ್ಯಾ ನೀರುಹಕ್ಕಿ ಗಣತಿಯ ಜೊತೆಗೇ ಪ್ರತಿ ವರ್ಷ ಅದೇ ಜಾಗದಿಂದ, ಅದೇ ಹೊತ್ತಿನಲ್ಲಿ, ಅಷ್ಟೇ ಸಮಯ ಎಣಿಸಿ. ಗೂಡು ಕಟ್ಟುವ ಕಾಲದಲ್ಲಿ ಗೂಡುಗಳನ್ನೂ ಹಾರಿಹೋದ ಮರಿಗಳನ್ನೂ ಬರೆದಿಡಿ. ಎರಡೂ ಬಗೆಯ ಕೆರೆಗಳಲ್ಲಿ ಒಂದೇ ಫಲಿತಾಂಶ ಬಂದರೆ ಅದನ್ನೂ ಪ್ರಕಟಿಸಿ. ಸೋತ ಪ್ರಯೋಗಗಳನ್ನು ಎಲ್ಲರೂ ಬಚ್ಚಿಡುವುದರಿಂದಲೇ ಅದೇ ತಪ್ಪಿಗೆ ಮತ್ತೊಂದು ಪಂಚಾಯಿತಿಯ ಹಣ ಹೋಗುತ್ತದೆ.

ಪ್ರಶ್ನೆ: ಪಕ್ಷಿ ಸಂರಕ್ಷಣೆಯಲ್ಲಿ ನೀವು ಸದಾ ಕೇಳುವಂಥ ಪುರಾವೆ ಎಲ್ಲಾದರೂ ಸಿಕ್ಕಿದೆಯೇ? (ತಿಪಟೂರು)

ಉತ್ತರ: ರಣಹದ್ದುಗಳ ವಿಷಯದಲ್ಲಿ ಸಿಕ್ಕಿದೆ. ಸತ್ತ ಹಕ್ಕಿಗಳ ಮೂತ್ರಪಿಂಡದಲ್ಲಿ, ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೋಫೆನಾಕ್ ಕಂಡಿತು. ಅದೇ ಔಷಧ ಸೇರಿದ ಮಾಂಸ ತಿನ್ನಿಸಿದಾಗ ಅದೇ ಬಗೆಯ ಸಾವು ಸಂಭವಿಸಿತು. ಪಾಕಿಸ್ತಾನದಲ್ಲಿ ನಡೆದ ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅದರ ಬದಲು ದನಗಳಿಗೆ ಕೊಡಬಹುದಾದ ಮೆಲಾಕ್ಸಿಕ್ಯಾಮ್ ರಣಹದ್ದುಗಳಿಗೆ ಅಪಾಯಕಾರಿಯಲ್ಲವೆಂಬುದನ್ನೂ ಪರೀಕ್ಷಿಸಿ ತೋರಿಸಲಾಯಿತು. 2006ರಲ್ಲಿ ಭಾರತ ಡೈಕ್ಲೋಫೆನಾಕ್‌ನ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿದ ಮೇಲೂ, ಬಳಕೆ ನಿಂತಿದೆಯೇ ಎಂದು ತಿಳಿಯಲು ಸತ್ತ ದನಗಳ ಪಿತ್ತಜನಕಾಂಗದ ಮಾದರಿಗಳನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಮನುಷ್ಯರಿಗೆಂದು ಮಾರುತ್ತಿದ್ದ ಅದೇ ಔಷಧದ ದೊಡ್ಡ ಸೀಸೆಗಳು ಕೊಟ್ಟಿಗೆಗೆ ಹೋಗುತ್ತಿದ್ದುದರಿಂದ 2015ರಲ್ಲಿ ಅವನ್ನೂ ತಡೆಯಬೇಕಾಯಿತು.

ಪ್ರಶ್ನೆ: ಮೊಬೈಲ್ ಗೋಪುರಗಳಿಂದಲೇ ಗುಬ್ಬಚ್ಚಿಗಳು ನಾಶವಾದವಲ್ಲವೇ? (ಗೌರಿಬಿದನೂರು)

ಉತ್ತರ: ಅಲ್ಲ. ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದು 2020ರ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ ಹೇಳಿತು. ಗೋಪುರಗಳು ಹಳ್ಳಿಗಳಲ್ಲೂ ಇವೆ.

ಪ್ರಶ್ನೆ: ಗೂಡುಪೆಟ್ಟಿಗೆ ಹಂಚುವುದು ಒಳ್ಳೆಯದೇ? (ಮಧುಗಿರಿ)

ಉತ್ತರ: ಹಂಚಿದ ಪೆಟ್ಟಿಗೆಗಳ ಸಂಖ್ಯೆಯನ್ನು ಬರೆದು ಕಳುಹಿಸಬೇಡಿ, ಅವುಗಳಿಂದ ಹಾರಿಹೋದ ಮರಿಗಳ ಸಂಖ್ಯೆಯನ್ನು ಕಳುಹಿಸಿ.

ಪ್ರಶ್ನೆ: ಕೆರೆಗೆ ಹಾಕಿದರೆ ಹಕ್ಕಿಗಳು ಬರುತ್ತವೆಂದು ಒಬ್ಬರು ಪುಡಿ ಮಾರುತ್ತಿದ್ದಾರೆ, ಕೊಳ್ಳಬಹುದೇ? (ಚಿಂತಾಮಣಿ)

ಉತ್ತರ: ಅದರಲ್ಲಿ ಏನಿದೆಯೆಂದು ಬರೆದುಕೊಡಲು ಕೇಳಿ, ಮಾರುವವನು ಮತ್ತೆ ನಿಮ್ಮ ಊರಿಗೆ ಬರುವುದಿಲ್ಲ. ಆಗಲೇ ಕೊಂಡಿದ್ದರೆ ದಯವಿಟ್ಟು ನೀರಿಗೆ ಸುರಿಯಬೇಡಿ.