ಬೇಸ್ ಗಿಟಾರ್ ಟ್ಯೂನಿಂಗ್: ಸ್ವರ ಊಹಿಸಬೇಡಿ, ಅಲೆ ಕೇಳಿ

ಪ್ರಶ್ನೆ: ಐದನೇ ಫ್ರೆಟ್ ಒತ್ತಿ ಪಕ್ಕದ ತಂತಿಗೆ ಹೊಂದಿಸಿ ಟ್ಯೂನ್ ಮಾಡುತ್ತೇನೆ. ಒಬ್ಬನೇ ನುಡಿಸುವಾಗ ಸರಿ ಎನಿಸುತ್ತದೆ. ಚರ್ಚಿನ ಕ್ವಾಯರ್‌ನಲ್ಲಿ ಕೀಬೋರ್ಡ್ ಜತೆ ಕೂತರೆ ಇ ತಂತಿಯೂ ಸೇರುವುದಿಲ್ಲ, ಜಿ ತಂತಿಯೂ ಸೇರುವುದಿಲ್ಲ. ನನಗೆ ಸಂಗೀತದ ಕಿವಿಯೇ ಇಲ್ಲವೇ? (ವಿರಾಜಪೇಟೆಯ ಓದುಗರು)

ಉತ್ತರ: ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ಎಲ್ಲರದೂ ಇದೇ ಪ್ರಶ್ನೆ. ‘ಸಂಗೀತದ ಕಿವಿ’ ಹುಟ್ಟಿನಿಂದಲೇ ಬರಬೇಕು ಎಂದು ಕಲಿಯುವವರನ್ನು ಹೆದರಿಸುವ ಮೇಷ್ಟ್ರುಗಳ ಮಾತಿಗೆ ದಯವಿಟ್ಟು ಕಿವಿಗೊಡಬೇಡಿ. ಟ್ಯೂನ್ ಮಾಡಲು ಸ್ವರ ಗುರುತಿಸುವ ಶಕ್ತಿ ಬೇಕಿಲ್ಲ. ಹತ್ತಿರ ಹತ್ತಿರದ ಎರಡು ನಾದ ಒಟ್ಟಿಗೆ ಮೊಳಗಿದರೆ ಸದ್ದು ಏರಿಳಿಯುತ್ತದೆ: ವಾಂವ್, ವಾಂವ್, ವಾಂವ್. ಆ ಅಲೆ ನಿಧಾನವಾಯಿತೋ ಚುರುಕಾಯಿತೋ ಎಂದು ತಿಳಿದರೆ ಸಾಕು.

ನಿಮ್ಮ ತೊಂದರೆ ಕಿವಿಯದಲ್ಲ, ವಿಧಾನದ್ದು. ಬೇಸಿನ ನಾಲ್ಕು ತಂತಿ ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ಇ ತಂತಿಯ ಐದನೇ ಫ್ರೆಟ್ಟೂ ಒತ್ತದೆ ಬಿಟ್ಟ ಎ ತಂತಿಯೂ 55 ಹರ್ಟ್ಜ್, ಅಂದರೆ ಸೆಕೆಂಡಿಗೆ 55 ಕಂಪನ. ಅಷ್ಟು ತಗ್ಗಿನಲ್ಲಿ ಸೆಕೆಂಡಿಗೆ ಒಂದೇ ಅಲೆ ಕೇಳಿದರೂ ತಂತಿ ಅರ್ಧಸ್ವರದ (ಪಕ್ಕಪಕ್ಕದ ಎರಡು ಫ್ರೆಟ್ಟಿನ ಅಂತರ) ಸುಮಾರು ಮೂರನೇ ಒಂದು ಭಾಗ ತಪ್ಪಿರುತ್ತದೆ. ‘ಹೆಚ್ಚುಕಡಿಮೆ ಸರಿಯಾಯಿತು’ ಎಂದು ನೀವು ಕೈಬಿಡುವುದು ಅಲ್ಲೇ. ಜತೆಗೆ ದಪ್ಪ ತಂತಿಯನ್ನು ಜೋರಾಗಿ ಒತ್ತಿದರೆ ಶ್ರುತಿ ಮೇಲೇರುತ್ತದೆ. ನಟ್ಟಿನಲ್ಲಿ, ಅಂದರೆ ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯಲ್ಲಿ, ಕಚ್ಚಿನ ಆಳ ಸಾಲದಿದ್ದರೆ ಇನ್ನಷ್ಟು. ಒಂದು ತಂತಿಯ ತಪ್ಪು ಮುಂದಿನದಕ್ಕೆ ದಾಟಿ, ಜಿ ತಂತಿಗೆ ಬರುವಾಗ ಮೂರು ತಪ್ಪು ಕೂಡಿರುತ್ತವೆ.

ಹಾರ್ಮೋನಿಕ್ಸ್, ಅಂದರೆ ತಂತಿಯನ್ನು ಒತ್ತದೆ ಬರೀ ಸೋಕಿ ಹೊರಡಿಸುವ ಮೇಲಿನ ನಾದ, ಬಳಸಿ. ಇ ತಂತಿಯ ಐದನೇ ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲೆ ಬೆರಳು ಸೋಕಿಸಿ, ಒತ್ತದೆ ಮೀಟಿ, ತಕ್ಷಣ ಬೆರಳು ಎತ್ತಿ. ಎ ತಂತಿಯ ಏಳನೇ ಫ್ರೆಟ್ಟಿನ ಮೇಲೂ ಹಾಗೆಯೇ. ಎರಡೂ ಸುಮಾರು 165 ಹರ್ಟ್ಜ್. ಇಲ್ಲಿ ಸೆಕೆಂಡಿಗೆ ಒಂದು ಅಲೆ ಎಂದರೆ ಅರ್ಧಸ್ವರದ ಹತ್ತನೇ ಒಂದು ಭಾಗ ಮಾತ್ರ. ಹಾರ್ಮೋನಿಕ್ ಮೊಳಗುತ್ತಿರುವಾಗ ಎರಡೂ ಕೈ ಖಾಲಿ ಇರುವುದರಿಂದ ಬಿರಡೆ ತಿರುಗಿಸುತ್ತಲೇ ಕೇಳಬಹುದು. ಆಂಪ್‌ನಲ್ಲಿ ಬೇಸ್ ಇಳಿಸಿ, ಮೆಲ್ಲಗೆ ಮೀಟಿ. ರಭಸದಿಂದ ಮೀಟಿದ ತಂತಿ ಮೊದಲ ಕ್ಷಣ ಏರಿ, ಆಮೇಲೆ ಇಳಿಯುತ್ತದೆ.

ಇ ತಂತಿಯಿಂದಲ್ಲ, ಎ ತಂತಿಯಿಂದ ಶುರು ಮಾಡಿ. 440ರ ಟ್ಯೂನಿಂಗ್ ಫೋರ್ಕ್ ಒಂದನ್ನು ಕೊಂಡುಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋದರೂ ಅದು ಕೈಕೊಡುವುದಿಲ್ಲ. ಮೊಣಕಾಲಿಗೆ ತಟ್ಟಿ, ಬುಡವನ್ನು ಗಿಟಾರಿನ ಮೈಗೆ ಒತ್ತಿಹಿಡಿಯಿರಿ. ಎ ತಂತಿಯ ಐದನೇ ಫ್ರೆಟ್ ಹಾರ್ಮೋನಿಕ್ 220, ಅಂದರೆ ಫೋರ್ಕಿಗಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಶ್ರುತಿಪೆಟ್ಟಿಗೆ ಇದ್ದರೆ ಆರು ಮನೆಗೆ ಇಟ್ಟು ಷಡ್ಜಕ್ಕೆ ಸೇರಿಸಿ. ಎ ಸರಿಯಾದ ಮೇಲೆ ಅದರಿಂದ ಇ, ಮತ್ತೆ ಎಯಿಂದ ಡಿ, ಡಿಯಿಂದ ಜಿ. ಪ್ರತಿ ಜೋಡಿಯಲ್ಲೂ ದಪ್ಪ ತಂತಿಯ ಐದನೇ ಫ್ರೆಟ್, ತೆಳು ತಂತಿಯ ಏಳನೆಯದು. ಬಿರಡೆ ತಿರುಗಿಸಿದಾಗ ಅಲೆ ಚುರುಕಾದರೆ ದಿಕ್ಕು ತಪ್ಪಿದೆ. ಗುರಿ ದಾಟಿದರೆ ಸಾಕಷ್ಟು ಕೆಳಗಿಳಿಸಿ, ಮತ್ತೆ ಕೆಳಗಿನಿಂದಲೇ ಏರಿಸಿ. ಮೇಲಿನಿಂದ ಇಳಿಸಿ ನಿಲ್ಲಿಸಿದರೆ ಗೇರಿನ ಸಡಿಲ ಹಾಗೇ ಉಳಿದು, ಎರಡು ಹಾಡಿನೊಳಗೆ ತಂತಿ ಜಾರುತ್ತದೆ.

ಕೊನೆಯ ಹಂತವನ್ನು ಹೆಚ್ಚಿನವರು ಹೇಳಿಕೊಡುವುದೇ ಇಲ್ಲ. ಅಲೆಯನ್ನು ಪೂರ್ತಿ ನಿಲ್ಲಿಸಬೇಡಿ. ಅಲೆ ನಿಂತಾಗ ಸಿಗುವುದು ಶುದ್ಧ ಸ–ಮ ಅಂತರ. ಕೀಬೋರ್ಡಿನಲ್ಲಿ ಆ ಅಂತರ ಅರ್ಧಸ್ವರದ ನೂರರಲ್ಲಿ ಎರಡು ಭಾಗದಷ್ಟು ಹೆಚ್ಚು ಅಗಲ. ಆದ್ದರಿಂದ ಅಲೆ ನಿಲ್ಲುವ ಜಾಗಕ್ಕಿಂತ ಇ ತಂತಿಯನ್ನು ಕೂದಲೆಳೆಯಷ್ಟು ಕೆಳಗೆ ಬಿಡಿ, ಡಿ ಮತ್ತು ಜಿಯನ್ನು ಅಷ್ಟೇ ಮೇಲೆ. ಇ–ಎ ನಡುವೆ ಐದು ಸೆಕೆಂಡಿಗೊಂದು ಅಲೆ, ಎ–ಡಿ ನಡುವೆ ನಾಲ್ಕಕ್ಕೊಂದು, ಡಿ–ಜಿ ನಡುವೆ ಮೂರಕ್ಕೊಂದು ಉಳಿಯಬೇಕು. ನಿಮ್ಮ ಕೀಬೋರ್ಡ್ ಕೇಳುತ್ತಿರುವುದು ಇದನ್ನೇ.

ನಮ್ಮ ಹವೆಯ ವಿಚಾರವನ್ನೂ ಮರೆಯಬೇಡಿ. ಕುಶಾಲನಗರದ ಬಿಸಿಲಿನಿಂದ ಮಡಿಕೇರಿಯ ಚಳಿಗೆ ಬಂದರೆ ಉಕ್ಕಿನ ತಂತಿ ಕುಗ್ಗಿ ಶ್ರುತಿ ಏರುತ್ತದೆ. ಕೇಸ್ ತೆರೆದು ಅರ್ಧ ಗಂಟೆ ಬಿಟ್ಟು ಟ್ಯೂನ್ ಮಾಡಿ. ಥಂಡಿ ಹಿಡಿದಿದೆ ಎಂದು ಒಲೆಯ ಹತ್ತಿರ ಮಾತ್ರ ಒರಗಿಸಬೇಡಿ, ನೆಕ್ ತಿರುಚಿಕೊಂಡರೆ ಮತ್ತೆ ಸರಿಹೋಗುವುದು ಕಷ್ಟ.

ಪ್ರಶ್ನೆ: ದಿನಾ ರಾತ್ರಿ ತಂತಿ ಸಡಿಲಿಸಿ ಇಡಬೇಕೇ?

ಉತ್ತರ: ಬೇಡ. ತಂತಿಯ ಎಳೆತಕ್ಕೆ ಎದುರಾಗಿ ನೆಕ್‌ನೊಳಗಿನ ಲೋಹದ ಸರಳು, ಟ್ರಸ್ ರಾಡ್, ಸಮತೋಲ ಹಿಡಿದಿರುತ್ತದೆ. ದಿನವೂ ಅದನ್ನು ಕೆಡಿಸಿದರೆ ಶ್ರುತಿ ಎಂದೂ ನಿಲ್ಲುವುದಿಲ್ಲ. ಶ್ರುತಿ ನಿಲ್ಲುತ್ತಿಲ್ಲ ಎಂದಾಕ್ಷಣ ಅಲೆನ್ ಕೀ ಹಿಡಿದು ಟ್ರಸ್ ರಾಡ್ ತಿರುಗಿಸಲು ಬರುವವರ ಕೈಗೆ ವಾದ್ಯ ಕೊಡಲೇಬೇಡಿ.

ಪ್ರಶ್ನೆ: ಎ ಸ್ವರವನ್ನು 440ರ ಬದಲು 432 ಹರ್ಟ್ಜ್‌ಗೆ ಟ್ಯೂನ್ ಮಾಡಿದರೆ ಮನಸ್ಸಿಗೆ ಶಾಂತಿಯಂತೆ, ಹೌದೇ?

ಉತ್ತರ: ಬೊಗಳೆ. ಕೀಬೋರ್ಡ್ 440ರಲ್ಲಿದೆ, ನೀವೂ ಅಲ್ಲೇ ಇರಿ.

ಪ್ರಶ್ನೆ: ಫೋನಿನ ಟ್ಯೂನರ್ ಇ ತಂತಿಯನ್ನು ಹಿಡಿಯುವುದೇ ಇಲ್ಲ.

ಉತ್ತರ: 41 ಹರ್ಟ್ಜ್ ಆ ಸಣ್ಣ ಮೈಕಿಗೆ ಸರಿಯಾಗಿ ಸಿಗುವುದಿಲ್ಲ. ಹನ್ನೆರಡನೇ ಫ್ರೆಟ್ ಹಾರ್ಮೋನಿಕ್ ಕೇಳಿಸಿ.

ಪ್ರಶ್ನೆ: ಎಷ್ಟು ತಿರುಗಿಸಿದರೂ ಅಲೆ ಸ್ಪಷ್ಟವಾಗಿ ಕೇಳುವುದಿಲ್ಲ. ತಂತಿ ಕುದಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಕುದಿಸಿದರೆ ಕೊಳೆ ಬಿಟ್ಟು ಸ್ವಲ್ಪ ದಿನ ಹೊಳಪಿನ ನಾದ ಬರುತ್ತದೆ, ಅಷ್ಟೇ. ಸವೆತ ಹೋಗುವುದಿಲ್ಲ, ಒದ್ದೆ ಉಳಿದರೆ ತುಕ್ಕೂ ಹಿಡಿಯುತ್ತದೆ. ತಂತಿಯ ಅಡಿಯಲ್ಲಿ ಉಗುರು ಆಡಿಸಿ ನೋಡಿ. ಫ್ರೆಟ್ ಇರುವಲ್ಲೆಲ್ಲ ತಗ್ಗು ಸಿಕ್ಕಿದರೆ ಆ ತಂತಿ ಉದ್ದಕ್ಕೂ ಒಂದೇ ಸಮನಾಗಿ ಕಂಪಿಸುವುದಿಲ್ಲ, ಅದರ ಹಾರ್ಮೋನಿಕ್ಸ್ ನಂಬಲಾಗದು. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಬಿರಡೆಗೆ ಎರಡು ಮೂರು ಸುತ್ತು ಬರುವಷ್ಟು ಉದ್ದ ಬಿಟ್ಟು ಕತ್ತರಿಸಿ, ನಟ್ಟಿನ ಕಚ್ಚಿಗೆ ಪೆನ್ಸಿಲ್ ಸೀಸ ಉಜ್ಜಿ. ಹಾಕಿದ ಮೇಲೆ ಪ್ರತಿ ತಂತಿಯನ್ನೂ ಮಧ್ಯದಲ್ಲಿ ಹಿಡಿದು ಮೆಲ್ಲಗೆ ಎಳೆದು, ಮತ್ತೆ ಟ್ಯೂನ್ ಮಾಡಿ. ಎಳೆದರೂ ಶ್ರುತಿ ಇಳಿಯದಂತಾಗುವವರೆಗೆ ಇದನ್ನೇ ಮಾಡಿ.